ಹತ್ತು ಸೆಕೆಂಡಿನ ನಿದ್ದೆ

"ಮೇಷ್ಟ್ರೇ, ನಿಮ್ಮ ಮೀಸೆ ಏನು ಹೇಳ್ತಿದೆ ಅಂತ ನನಗೆ ಗೊತ್ತಾಗ್ತಿಲ್ಲ."

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹೇಳಿದವಳು ಮಾತ್ರ ನಗಲಿಲ್ಲ. ಮೊದಲ ಸಾಲಿನಲ್ಲಿ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೇಷ್ಟ್ರ ಮುಖವನ್ನೇ ನೆಟ್ಟಗೆ ನೋಡುತ್ತಿದ್ದಳು.

ಮೇಷ್ಟ್ರು ಅಂದರೆ ನಿಜವಾದ ಮೇಷ್ಟ್ರಲ್ಲ. ವಾರದ ಆರು ದಿನ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಭಾನುವಾರ ಬೆಳಿಗ್ಗೆ ಮಾತ್ರ ಲೈಬ್ರರಿಯ ಮೇಲಿನ ಕೋಣೆಯಲ್ಲಿ, ಕಲಿಯಬೇಕೆಂದು ಬಂದವರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದ. ಎಲ್ಲರ ಮುಂದೆಯೂ ಅಂಗೈಯಷ್ಟಗಲದ ಒಂದು ನೀಲಿ ಬೋರ್ಡು, ಒಂದು ಹಿಡಿ ಬಣ್ಣದ ವೈರು, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದಾದ ಎಲ್‌ಇಡಿ ದೀಪಗಳು. ಆ ದೀಪಕ್ಕಿರುವ ಎರಡು ಕಾಲುಗಳಲ್ಲಿ ಯಾವುದು ಪ್ಲಸ್ ಎಂದು ಅವನು ಮೆಲುದನಿಯಲ್ಲಿ ವಿವರಿಸುತ್ತಿದ್ದಾಗಲೇ ಈ ಬಾಂಬು ಬಿದ್ದದ್ದು.

ಅವನ ಮುಖ ಕಿವಿಯವರೆಗೂ ಕೆಂಪಾಯಿತು.

ಅವಳು ಕೂದಲು ಸರಿಸಿ ತನ್ನ ಕಿವಿ ತೋರಿಸಿದಳು. ಕಿವಿಯ ಹಿಂದೆ ಪುಟ್ಟ ಶ್ರವಣ ಯಂತ್ರವಿತ್ತು. ಆ ಕಡೆಯೂ ಒಂದು. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಮುಕ್ಕಾಲು ಪಾಲು ಕಿವಿಯನ್ನೂ ಕೊಂಡೊಯ್ದಿತ್ತು. ಯಂತ್ರ ಹಾಕಿಕೊಂಡರೆ ಅರ್ಧ ಕೇಳಿಸುತ್ತದೆ, ಉಳಿದರ್ಧ ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ನಿಮ್ಮ ತುಟಿಯೋ ಮೀಸೆಯ ಕೆಳಗೆ ಅವಿತು ಕೂತಿದೆ ಎಂದು ಅವಳು ವಿವರಿಸಿದಳು. ಯಾವ ಸಂಕೋಚವೂ ಇಲ್ಲದೆ, ಅಂಗಿಯ ಅಳತೆ ಹೇಳುವಷ್ಟು ಸಲೀಸಾಗಿ.

ಅಳತೆಯ ಮಾತು ಸುಮ್ಮನೆ ಬರಲಿಲ್ಲ. ಅವಳು ಟೈಲರ್. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಮೆಷೀನು ಓಡುವಾಗ ಶ್ರವಣ ಯಂತ್ರದಲ್ಲಿ ತಲೆಗೆ ಸುತ್ತಿಗೆ ಬಡಿದಂತಾಗುತ್ತದೆ. ಅದಕ್ಕೇ ಕಿವಿಯಿಂದ ತೆಗೆದಿಟ್ಟು ಹೊಲಿಯುತ್ತಾಳೆ. ಆಗ ಬಾಗಿಲ ಬೆಲ್ಲು ಎಷ್ಟು ಬಡಿದುಕೊಂಡರೂ ಅವಳಿಗೆ ತಿಳಿಯದು. ಗಿರಾಕಿಗಳು ಕಾದು ಕಾದು ಇಳಿದು ಹೋಗುತ್ತಾರೆ, ಇಲ್ಲವೇ ಕೆಳಗಿನಿಂದ ಅತ್ತಿಗೆ ಮೆಟ್ಟಿಲು ಹತ್ತಿ ಬರಬೇಕು.

"ನಿನ್ನ ಬಾಗಿಲು ಕಾಯೋಕೇ ನಾನು ಈ ಮನೆಗೆ ಬಂದಿದ್ದು ನೋಡು, ಪುಟ್ಟಿ," ಎಂದು ಅತ್ತಿಗೆ ನಗುತ್ತಲೇ ಹೇಳುತ್ತಿದ್ದಳು. ಅದರಲ್ಲಿ ಮುಳ್ಳಿರಲಿಲ್ಲ. ಆದರೂ ಚುಚ್ಚುತ್ತಿತ್ತು.

ಬೆಲ್ಲು ಒತ್ತಿದರೆ ಮೆಷೀನಿನ ಪಕ್ಕ ಒಂದು ದೀಪ ಮಿನುಗಬೇಕು. ಅದನ್ನು ತಾನೇ ಮಾಡಬೇಕು. ತನ್ನ ಬಾಗಿಲನ್ನು ತಾನೇ ತೆರೆಯಬೇಕು. ಅವಳು ಈ ತರಗತಿಗೆ ಸೇರಿದ್ದು ಅಷ್ಟಕ್ಕೇ. ಬೇರೆ ಯಾವ ಉದ್ದೇಶವೂ ಇರಲಿಲ್ಲ, ಇದನ್ನು ನೀವು ನಂಬಬೇಕು.

* * *

ಮುಂದಿನ ಭಾನುವಾರ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಂಡಾಗ ಯಾರಿಗೂ ತಕ್ಷಣ ಗುರುತೇ ಸಿಗಲಿಲ್ಲ.

ಮೀಸೆ ಇರಲಿಲ್ಲ.

"ಮೇಷ್ಟ್ರೇ, ಮೀಸೆ ಎಲ್ಲಿ ಕಳ್ಕೊಂಡ್ರಿ?" ಎಂದು ಕೇಳಿದ್ದು ಹಿಂದಿನ ಬೆಂಚಿನ ಪೋಸ್ಟ್‌ಮನ್ ತಾತ. ನಿವೃತ್ತಿಯಾದ ಮೇಲೆ ಹೂಕುಂಡಕ್ಕೆ ತಾನಾಗಿ ನೀರು ಹಾಕುವ ಯಂತ್ರ ಮಾಡುತ್ತೇನೆಂದು ಹಟ ಹಿಡಿದು ಬಂದವರು.

"ಲಿಫ್ಟಿನ ಬಾಗಿಲಿಗೆ ಸಿಕ್ಕಿಹಾಕ್ಕೊಳ್ತು ತಾತ," ಅಂದ ಅವನು, ಅವಳ ಕಡೆ ನೋಡದೆ.

ಅವಳು ನೋಡಿದಳು. ಎಷ್ಟೋ ವರ್ಷ ಬಿಸಿಲು ಕಾಣದ ಆ ಮೇಲ್ದುಟಿಯ ಜಾಗ ಬೇರೆಲ್ಲ ಕಡೆಗಿಂತ ಬೆಳ್ಳಗಿತ್ತು. ಅದರ ಕೆಳಗೆ ಪ್ರತಿ ಅಕ್ಷರವೂ ಅವಳಿಗೆ ಬಿಡಿಬಿಡಿಯಾಗಿ ಕಾಣುತ್ತಿತ್ತು.

ನನಗೋಸ್ಕರ... ಒಂದು ಮಾತಿಗೆ...

ಕೈಯಲ್ಲಿದ್ದ ದೀಪದ ಕಾಲು ಬ್ರೆಡ್‌ಬೋರ್ಡ್ ಎಂಬ ತೂತುತೂತಿನ ಹಲಗೆಯೊಳಕ್ಕೆ ಹೋಗಲೊಲ್ಲದು. ಸೂಜಿಗೆ ಕಣ್ಣು ಮುಚ್ಚಿ ದಾರ ಪೋಣಿಸುವ ಬೆರಳುಗಳು ಅವು. ಅಂದು ಮೂರು ಸಲ ತಪ್ಪಿದವು.

ನಾಲ್ಕನೆಯ ಸಲ ಕಾಲು ಸರಿಯಾಗಿ ಕೂತಿತು. ಕಂಪ್ಯೂಟರಿನಲ್ಲಿ ದೀಪಕ್ಕೆ ನಾಲ್ಕು ಸಾಲಿನ ಆಜ್ಞೆ ಬರೆದು, ವೈರಿನ ಮೂಲಕ ಬೋರ್ಡಿಗೆ ಕಳಿಸಿದಳು. ಕೆಂಪು ಅಕ್ಷರಗಳಲ್ಲಿ ತಪ್ಪು ಎಂದು ಬಂತು. ಅವನು ಪಕ್ಕಕ್ಕೆ ಬಂದು, ಅವಳಿಗೆ ಕಾಣುವಂತೆ ಬಗ್ಗಿ, ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿಲ್ಲ ಅಂದ.

"ಗಂಟು ಹಾಕಿಲ್ಲ ಅನ್ನಿ," ಅಂದಳು ಅವಳು. "ಗಂಟು ಹಾಕದಿದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ, ನಮ್ಮಲ್ಲೂ ಅಷ್ಟೇ."

ಗಂಟು ಹಾಕಿದಳು. ದೀಪ ಹತ್ತಿತು. ಒಂದು ಸೆಕೆಂಡು ಬೆಳಕು, ಒಂದು ಸೆಕೆಂಡು ಕತ್ತಲೆ. ಇಷ್ಟೇ ಇಷ್ಟು ಬೆಳಕು, ಆದರೆ ಅವಳು ಹೇಳಿದಂತೆ ಕೇಳುವ ಬೆಳಕು! ಎರಡು ವರ್ಷದಿಂದ ಲೋಕವೆಲ್ಲ ಅವಳಿಗೆ ಅರ್ಧರ್ಧವೇ ತಲುಪುತ್ತಿತ್ತು. ಅವಳ ಮಾತೊಂದು ಪೂರ್ತಿಯಾಗಿ ಇನ್ನೊಂದೆಡೆ ಮುಟ್ಟಿದ್ದು ಅಂದೇ. ಕಣ್ಣು ತುಂಬಿ ಬಂತು. ಅವನು ಅದನ್ನು ನೋಡಿಯೂ ನೋಡದವನಂತೆ ಪಕ್ಕದ ಮೇಜಿಗೆ ಸರಿದ.

ಆಮೇಲಿನ ಭಾನುವಾರಗಳು ಒಂದಕ್ಕೊಂದು ಸೇರಿ ಹೊಲಿದಂತೆ ಹೋದವು. ಅವನು ಮಾತಾಡುವಾಗ ಬೆಳಕಿಗೆ ಮುಖ ಮಾಡಿ ನಿಲ್ಲುವುದನ್ನು ಕಲಿತ. ಅವಳು ವೈರುಗಳ ಬಣ್ಣ ಕಲಿತಳು, ಗುಂಡಿ ಜೋಡಿಸುವುದು ಕಲಿತಳು. ಗುಂಡಿಯ ವಿಷಯದಲ್ಲಿ ಮಾತ್ರ ಅವನದೊಂದು ಕಾನೂನಿತ್ತು. ಲಿಫ್ಟಿನ ಗುಂಡಿಯನ್ನು ಜನ ಹತ್ತು ಸಲ ಒತ್ತುತ್ತಾರೆ, ಹತ್ತು ಸಲ ಒತ್ತಿದರೆ ಲಿಫ್ಟು ಬೇಗ ಬರುವುದಿಲ್ಲ, ಗುಂಡಿ ಬೇಗ ಕೆಡುತ್ತದೆ ಅಷ್ಟೇ ಎನ್ನುತ್ತಿದ್ದ.

"ಒಂದೇ ಸಲ ಒತ್ತಿ. ಅದಕ್ಕೆ ಗೊತ್ತಾಗುತ್ತೆ. ಆಮೇಲೆ ಕಾಯಿರಿ."

ವಾರವೆಲ್ಲ ಹೊಲಿಗೆಯ ಮೇಲೆ ಬಗ್ಗಿದಾಗ ಈ ಮಾತು ಅವಳಿಗೆ ನೆನಪಾಗುತ್ತಿತ್ತು. ಆ ತುಟಿಗಳು ಹಾಗೆಯೇ ಚಲಿಸಿದಂತೆ ಕಾಣುತ್ತಿತ್ತು. ಕಿಟಕಿಯ ಬಿಸಿಲು ಬಟ್ಟೆಯ ಮೇಲೆ ಸರಿಯುತ್ತ ಸರಿಯುತ್ತ ಸಂಜೆಯಾಗುತ್ತಿತ್ತು, ಅವಳು ಎಲ್ಲೋ ತೇಲುತ್ತಿದ್ದಳು. ಒಮ್ಮೆ ಅಂಗಿಗೆ ಎರಡೂ ಎಡತೋಳುಗಳನ್ನೇ ಹೊಲಿದಿಟ್ಟಳು. ಅತ್ತಿಗೆ ಆ ಅಂಗಿಯನ್ನು ಎತ್ತಿ ಹಿಡಿದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಒಂದು ಭಾನುವಾರ ಅವನು ಬರೆಯುವ ಹಲಗೆಗೆ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ, 'ಡಿಲೇ' ಎಂಬ ಆಜ್ಞೆಯ ಬಗ್ಗೆ ಏನೋ ಹೇಳಿದ. ಇಷ್ಟು ಹೊತ್ತು ಸುಮ್ಮನಿರು ಎಂದು ಬೋರ್ಡಿಗೆ ಹೇಳುವ ಆಜ್ಞೆ ಅದು, ಅಷ್ಟು ಅವಳಿಗೆ ಗೊತ್ತಿತ್ತು. ಅದರ ಮುಂದೆ ಅವನು ಹೇಳಿದ್ದು ಕೇಳಿಸಲಿಲ್ಲ. ಅವಳು ಅವನ ಮಣಿಕಟ್ಟನ್ನು ನೋಡುತ್ತಿದ್ದಳು. ಸೀಮೆಸುಣ್ಣ ಹಿಡಿದ ಕೈ ಎಷ್ಟು ನಿಧಾನವಾಗಿ, ಎಷ್ಟು ಜೋಪಾನವಾಗಿ ಅಕ್ಷರ ಬರೆಯುತ್ತದೆ ಎಂದು ನೋಡುತ್ತಿದ್ದಳು.

ಅವನು ತಿರುಗಿ, "ಅರ್ಥ ಆಯ್ತಾ?" ಅಂದ.

ಅವಳು ತಲೆಯಾಡಿಸಿದಳು.

ಹೌದು, ಮೊದಲ ದಿನ ಎಲ್ಲರೆದುರು ಎದ್ದು ನಿಂತು ಕೇಳಿದವಳೇ! ಆಗ ಅವನು ಯಾರೋ ಆಗಿದ್ದ, ಕೇಳಲು ನಾಚಿಕೆಯಿರಲಿಲ್ಲ. ಈಗ ನಾನು ನಿಮ್ಮ ಕೈ ನೋಡ್ತಿದ್ದೆ ಅಂತ ಹೇಳುವುದು ಹೇಗೆ? ಪ್ರೀತಿಯಲ್ಲಿ ಬಿದ್ದವರ ಬುದ್ಧಿಯೇ ಹೀಗೆ. ಅವರನ್ನು ಬೈದು ಪ್ರಯೋಜನವಿಲ್ಲ.

* * *

ಅವಳ ಬೆಲ್ಲು ಸಿದ್ಧವಾಯಿತು. ಗುಂಡಿ ಒತ್ತಿದರೆ ದೀಪ ಐದು ಸಲ ಪಟಪಟನೆ ಮಿನುಗುತ್ತಿತ್ತು. ಹೊಲಿದು ಉಳಿದ ತೆಳು ಬಿಳಿ ಬಟ್ಟೆಯಲ್ಲಿ ಅದಕ್ಕೊಂದು ಮೊಗ್ಗಿನಂಥ ಮುಸುಕು ಹೊಲಿದಿದ್ದಳು. ಅಂದು ಅವನು ಅವಳ ಮೇಜಿನ ಪಕ್ಕ ಹಾದುಹೋದಾಗಲೆಲ್ಲ ಒಂದೊಂದು ಸಲ ಒತ್ತಿ ಹೋದ. ಪ್ರತಿ ಸಲವೂ ಮೊಗ್ಗು ಬೆಳಗಿತು.

ಎಲ್ಲರೂ ಹೋದ ಮೇಲೆ ಅವನು ಬೆಳಕಿಗೆ ಮುಖ ಮಾಡಿ ನಿಂತ. ಕಂಪನಿಯವರು ಎರಡು ವರ್ಷ ದೂರದ ಊರಿಗೆ ಹೋಗು ಎನ್ನುತ್ತಿದ್ದಾರೆ, ಬರುವ ವಾರ ಕಳೆದು ಸೋಮವಾರ ಸಂಜೆಯೊಳಗೆ ಉತ್ತರ ಕೊಡಬೇಕು ಎಂದು ತಿಳಿಸಿದ.

"ಅದಕ್ಕೆ ಮೊದಲು ನಿಮ್ಮನ್ನ ಒಂದು ಮಾತು ಕೇಳಬೇಕು. ಇಲ್ಲಿ ಬೇಡ. ಶುಕ್ರವಾರ ಸಂಜೆ ಐದಕ್ಕೆ ಬಂದು ನಿಮ್ಮ ಬೆಲ್ಲು ಒತ್ತುತ್ತೀನಿ. ಬಾಗಿಲು ತೆಗೀಬೇಕು ಅನ್ನಿಸಿದ್ರೆ ತೆಗೀರಿ. ಇಲ್ಲಾಂದ್ರೆ... ನಾನು ಏನೂ ಅಂದ್ಕೊಳ್ಳಲ್ಲ. ಇನ್ನೊಂದು ಸಲ ಕೇಳಿ ಮುಜುಗರ ಮಾಡಲ್ಲ."

ಬೆಲ್ಲನ್ನು ಬಾಗಿಲಿಗೆ ಕೂರಿಸಿದ್ದು ಗುರುವಾರ. ದೀಪ ಸುಮ್ಮನೆ ಕತ್ತಲಾಗಿ ಕುಳಿತಿರುವುದು ಅವಳಿಗೆ ಯಾಕೋ ಸಹಿಸಲಾಗಲಿಲ್ಲ. ಯಾರೂ ಬರದಿದ್ದಾಗಲೂ ಅದು ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ಬೆಳಗಬೇಕು, ಬರ್ತಾನೆ... ಬರ್ತಾನೆ... ಎನ್ನುತ್ತಿರಬೇಕು ಎನ್ನಿಸಿತು. ಕಂಪ್ಯೂಟರ್ ತೆರೆದು ತಾನಾಗಿಯೇ ಎರಡು ಸಾಲು ಸೇರಿಸಿದಳು. ಒಮ್ಮೆ ಮಿನುಗು. ಹತ್ತು ಸೆಕೆಂಡು ಸುಮ್ಮನಿರು. ಸಾಲಿನ ಕೊನೆಗೆ ಮರೆಯದೆ ಗಂಟು ಹಾಕಿದಳು.

ಹತ್ತು ಸೆಕೆಂಡಿಗೊಮ್ಮೆ ಮೊಗ್ಗು ಉಸಿರಾಡಿದಂತೆ ಬೆಳಗಿ ಆರತೊಡಗಿತು. ಅವಳು ಮೇಜಿಗೆ ಗಲ್ಲವೂರಿ ಅದನ್ನೇ ನೋಡುತ್ತ ಕುಳಿತಳು. ಬಾಗಿಲು ತೆರೆದಾಗ ಯಾವ ಮಾತಾಡಬೇಕು, ಎಲ್ಲಿ ಕೂರಿಸಬೇಕು, ಅವನು ಕೇಳಿದ ಕೂಡಲೇ ಹೂಂ ಅನ್ನಬೇಕೋ, ಸ್ವಲ್ಪ ಸತಾಯಿಸಬೇಕೋ... ಗಾಳಿಯಲ್ಲಿ ಅದೆಷ್ಟು ಗೋಪುರ ಕಟ್ಟಿದಳೋ. ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡುವುದನ್ನು ಮಾತ್ರ ಮರೆತಳು.

* * *

ಶುಕ್ರವಾರ ನಾಲ್ಕೂವರೆಗೇ ಅವಳು ತಯಾರಾಗಿದ್ದಳು. ಅಣ್ಣ ಅತ್ತಿಗೆ ಹೊರಗೆ ಹೋಗಿದ್ದರು. ಬಾಗಿಲ ಬಳಿ ನಿಂತಳು, ಕುಳಿತಳು, ಮತ್ತೆ ನಿಂತಳು. ಸುಮ್ಮನೆ ಕಾಯುವುದು ತನ್ನಿಂದಾಗದು ಎಂದು ಮೆಷೀನಿಗೆ ಕುಳಿತು, ಕಿವಿಯ ಯಂತ್ರ ತೆಗೆದಿಟ್ಟಳು. ಅವನು ಕಲಿಸಿದ ದೀಪವೇ ಅವನು ಬಂದನೆಂದು ಹೇಳಲಿ ಎಂಬ ಆಸೆಯೂ ಇತ್ತು.

ಒಂದು ದಿಂಬಿನ ಚೀಲದ ಅಂಚನ್ನು ಹೊಲಿದಳು. ಅದರ ಮೇಲೆ ಇನ್ನೊಮ್ಮೆ ಹೊಲಿದಳು. ಕಣ್ಣು ದೀಪದ ಮೇಲೆಯೇ. ಅದು ಹತ್ತು ಸೆಕೆಂಡಿಗೊಮ್ಮೆ ಮೆಲ್ಲಗೆ ಬೆಳಗುತ್ತಿತ್ತು, ಆರುತ್ತಿತ್ತು. ಪಟಪಟನೆ ಮಿನುಗಲಿಲ್ಲ.

ಐದಾಯಿತು. ಐದೂವರೆಯಾಯಿತು. ಆರಾಯಿತು.

ಅವಳು ಎದ್ದು ಬಾಗಿಲು ತೆರೆದಳು. ಮೆಟ್ಟಿಲು ಖಾಲಿ.

ಬರಲಿಲ್ಲ. ಯಾಕೆ ಬರ್ತಾನೆ? ಕಿವಿ ಕೇಳದವಳ ಜೊತೆ ಬೆಳಕಿಗೆ ಮುಖ ಮಾಡಿ ಮಾತಾಡ್ತಾ ಜೀವನ ಕಳೆಯೋಕೆ ಯಾರಿಗೆ ಇಷ್ಟ ಆಗುತ್ತೆ...

ಇಲ್ಲಿ ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೇ ತಡೆಯಲಾಗದು. ಅವನು ಬಂದಿದ್ದ. ಐದಕ್ಕೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲು ಹತ್ತಿ ಬಂದಿದ್ದ. ಗುಂಡಿ ಒತ್ತಿದ. ಒಂದೇ ಸಲ. ಒಳಗೆ ಮೆಷೀನು ಓಡುವ ಸದ್ದು ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಅವಳು ಒಳಗಿದ್ದಾಳೆ, ದೀಪ ಪಕ್ಕದಲ್ಲೇ ಇದೆ, ಆ ದೀಪ ಎಂದೂ ತಪ್ಪಿದ್ದಿಲ್ಲ. ಮೆಷೀನು ನಿಲ್ಲಲಿಲ್ಲ. ಕಾಲು ಗಂಟೆ ನಿಂತಿದ್ದು, ಇದೇ ಅವಳ ಉತ್ತರ ಎಂದುಕೊಂಡು ಸದ್ದಾಗದಂತೆ ಇಳಿದು ಹೋದ.

ಶನಿವಾರ ಒಬ್ಬ ಗಿರಾಕಿಯೂ ಬರಲಿಲ್ಲ. ಭಾನುವಾರ ಅವಳು ತರಗತಿಗೆ ಹೋಗಲಿಲ್ಲ. ಅತ್ತಿಗೆ ಕಾರಣ ಕೇಳಿದ್ದಕ್ಕೆ ತಲೆನೋವು ಅಂದಳು. ಅತ್ತಿಗೆ ಅವಳ ಹಣೆ ಮುಟ್ಟಿ ನೋಡಿ, ಈ ನೋವು ತಲೆಯದಲ್ಲ ಎಂದು ಗೊಣಗಿ, ಪಕ್ಕದಲ್ಲಿ ಸುಮ್ಮನೆ ಕುಳಿತು ಅವಳ ಕೂದಲು ಬಾಚಿದಳು.

* * *

ಸೋಮವಾರ ಬೆಳಿಗ್ಗೆ ಮೆಷೀನಿಗೆ ಕುಳಿತಿದ್ದಾಗ ದೀಪ ಇದ್ದಕ್ಕಿದ್ದಂತೆ ಪಟಪಟನೆ ಮಿನುಗಿತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಓಡಿ ಬಾಗಿಲು ತೆರೆದಳು.

ಪೋಸ್ಟ್‌ಮನ್ ತಾತ. ಕೈಯಲ್ಲಿ ಉದ್ದವಾದ ಪ್ಯಾಂಟು, ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು.

"ಏನಮ್ಮಾ, ನಿನ್ನ ಬೆಲ್ಲು ನನಗಿಂತ ಮುದುಕನಾಗಿದೆಯಲ್ಲ. ಎರಡು ಸಲ ಒತ್ತಿದೆ, ಉಹುಂ. ಆಮೇಲೆ ಒತ್ತಿ ಹಿಡ್ಕೊಂಡೇ ನಿಂತೆ. ನಲವತ್ತು ವರ್ಷ ಬೆಲ್ಲು ಒತ್ತಿದ ಬೆರಳು ಇದು, ಬಾಗಿಲು ತೆಗೆಯೋವರೆಗೂ ಬಿಡಲ್ಲ."

ಒತ್ತಿ ಹಿಡಿದುಕೊಂಡು...

ಪ್ಯಾಂಟಿನ ಅಳತೆ ತೆಗೆಯುವಾಗ ತಾತ ತರಗತಿಯ ಸುದ್ದಿಯನ್ನೆಲ್ಲ ಹೇಳಿದರು. ಮೇಷ್ಟ್ರ ಮುಖ ಸಪ್ಪಗಿತ್ತಂತೆ, ಹಲಗೆಯ ಮೇಲೆ ಒಂದೇ ಸಾಲನ್ನು ಎರಡು ಸಲ ಬರೆದನಂತೆ. ಬೇರೆ ಊರಿಗೆ ಹೋಗುತ್ತೇನೆ, ಇದೇ ಕೊನೆಯ ತರಗತಿ ಅಂದನಂತೆ. ಇವತ್ತು ಜವಳಿ ಕಟ್ಟಡದ ಲಿಫ್ಟು ಸರಿ ಮಾಡಿ, ಸಂಜೆ ಕಂಪನಿಗೆ ಹೂಂ ಅಂದುಬಿಡುತ್ತಾನಂತೆ.

ಅವಳ ಕೈಯಿಂದ ಅಳತೆಪಟ್ಟಿ ಜಾರಿತು.

ತಾತನನ್ನು ಬಾಗಿಲ ಹೊರಗೆ ನಿಲ್ಲಿಸಿ, ಒಂದೇ ಸಲ ಒತ್ತಿ ಬಿಡಿ ಅಂದಳು. ದೀಪ ಮಿನುಗಲಿಲ್ಲ. ಮತ್ತೆ ಒತ್ತಿಸಿದಳು, ಇಲ್ಲ. ಒತ್ತಿ ಹಿಡಿಯಲು ಹೇಳಿದಳು. ಮೊಗ್ಗು ತನ್ನ ಪಾಡಿಗೆ ಆರಿ ಕುಳಿತು, ಹತ್ತು ಸೆಕೆಂಡು ಮುಗಿದ ಮೇಲೆ ಪಟಪಟನೆ ಹೊತ್ತಿಕೊಂಡಿತು.

ಆಗ ಅವಳಿಗೆ ಅರ್ಥವಾಯಿತು. ಬೆನ್ನು ತಿರುಗಿಸಿಕೊಂಡು ಅವನು ಅಂದು ಏನು ಹೇಳಿದ್ದನೆಂಬುದೂ ಅರ್ಥವಾಯಿತು. ಸುಮ್ಮನಿರು ಎಂದರೆ ಬೋರ್ಡು ಪೂರ್ತಿ ಸುಮ್ಮನಾಗುತ್ತದೆ. ಅಷ್ಟು ಹೊತ್ತು ಅದಕ್ಕೆ ಯಾವ ಗುಂಡಿಯೂ ತಿಳಿಯದು. ಬರ್ತಾನೆ, ಬರ್ತಾನೆ ಎಂದು ಕನಸು ಕಾಣುವಂತೆ ಅವಳೇ ಅದಕ್ಕೆ ಹೇಳಿಕೊಟ್ಟಿದ್ದಳು. ಆ ಕನಸಿನಲ್ಲಿ ಮುಳುಗಿದ್ದ ದೀಪಕ್ಕೆ, ಬಂದವನು ಬಾಗಿಲಲ್ಲಿ ನಿಂತದ್ದೇ ಗೊತ್ತಾಗಲಿಲ್ಲ.

ಅವನು ಬಂದಿದ್ದರೆ... ಒತ್ತಿದ್ದರೆ... ಒಂದೇ ಸಲ ಒತ್ತಿರುತ್ತಾನೆ. ಅವನು ಎಂದಾದರೂ ಎರಡು ಸಲ ಒತ್ತಿದ್ದುಂಟೇ?

ಕಂಪ್ಯೂಟರ್ ತೆರೆದು ಆ ಎರಡು ಸಾಲುಗಳನ್ನು ಅಳಿಸಿದಳು. ತಾತ ಒಮ್ಮೆ ಮುಟ್ಟಿದರು, ದೀಪ ತಟ್ಟನೆ ಹೊತ್ತಿತು. ಪ್ಯಾಂಟನ್ನು ಮೆಷೀನಿನ ಮೇಲೆ ಬಿಸಾಕಿ ಅವಳು ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿದಳು.

"ನನ್ನ ಪ್ಯಾಂಟು?" ಎಂದರು ತಾತ, ಖಾಲಿ ಮೆಟ್ಟಿಲಿಗೆ.

* * *

ಜವಳಿ ಕಟ್ಟಡ ಅವಳಿಗೆ ಹೊಸದಲ್ಲ. ಗುಂಡಿ, ದಾರ, ಲೈನಿಂಗ್ ಬಟ್ಟೆ ಎಲ್ಲ ತರುವುದು ಅಲ್ಲಿಂದಲೇ. ನೆಲಮಹಡಿಯಲ್ಲಿ ಲಿಫ್ಟಿಗೆ 'ಕೆಲಸ ನಡೆಯುತ್ತಿದೆ' ಎಂಬ ಹಲಗೆ ತೂಗುಹಾಕಿತ್ತು. ಅವಳು ಮೂರು ಮಹಡಿ ಹತ್ತಿದಳು. ಓಡಿ ಬಂದ ಬೆವರಿಗೋ ಏನೋ ಶ್ರವಣ ಯಂತ್ರಗಳು ಎರಡೂ ಕುಂಯ್‌ಗುಟ್ಟಿ ಸತ್ತವು. ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಮೂರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಕರೆಂಟಿಲ್ಲ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನು ಗುಂಡಿಗಳ ಹಲಗೆ ಬಿಚ್ಚುತ್ತಿದ್ದ. ಅವಳನ್ನು ಕಂಡದ್ದೇ ಅವನ ಬಾಯಿಂದ ಟಾರ್ಚು ಕೆಳಗೆ ಬಿತ್ತು.

"ಶುಕ್ರವಾರ ಎಷ್ಟು ಸಲ ಒತ್ತಿದ್ರಿ?"

ತನ್ನ ದನಿ ತನಗೇ ಕೇಳದವಳಿಗೆ ಅದು ಎಷ್ಟು ಜೋರಾಗಿತ್ತೆಂದು ತಿಳಿಯಲಿಲ್ಲ. ನಾಲ್ಕೂ ಮಹಡಿಗೆ ಕೇಳಿಸಿತ್ತು. ಅಂಗಡಿಗಳಿಂದ ತಲೆಗಳು ಹೊರಬಂದವು.

ಅವನು ಒಂದು ಬೆರಳು ಎತ್ತಿ ತೋರಿಸಿದ.

ಅವಳು ಗೋಡೆಗೆ ಒರಗಿ ನಗತೊಡಗಿದಳು. ನಗುತ್ತ ನಗುತ್ತಲೇ ಕಣ್ಣೀರು ಇಳಿಯಿತು. ಉಸಿರು ಹಿಡಿದು ಎಲ್ಲವನ್ನೂ ಹೇಳಿದಳು. ಹತ್ತು ಸೆಕೆಂಡಿನ ನಿದ್ದೆ, ಮೊಗ್ಗಿನ ಕನಸು, ಒಂದರ ಮೇಲೊಂದು ಹೊಲಿಗೆ ಬಿದ್ದ ದಿಂಬಿನ ಚೀಲ. ಅಂದು ಡಿಲೇ ಬಗ್ಗೆ ಅವನು ಹೇಳಿದ್ದು ಕೇಳಿಸಿರಲಿಲ್ಲ ಎಂಬುದನ್ನೂ.

"ಮತ್ತೆ ಅರ್ಥ ಆಯ್ತು ಅಂತ ತಲೆ ಆಡಿಸಿದ್ರಲ್ಲ?" ಎಂದು ಅವನ ತುಟಿ ಕೇಳಿದ್ದು ಬಾಗಿಲ ಬೆಳಕಿನಲ್ಲಿ ಕಂಡಿತು.

"ನಿಮ್ಮ ಕೈ ನೋಡ್ತಿದ್ದೆ."

ಅವನು ತನ್ನ ಕೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ, ತಪ್ಪು ತನ್ನದೂ ಹೌದು ಅಂದ. ಅವಳಿರುವ ಕೋಣೆಯಲ್ಲಿ ಹಲಗೆಗೆ ತಿರುಗಿ ಮಾತಾಡಬಾರದಿತ್ತು. ಆ ಮಿನುಗನ್ನು ಅಳಿಸಬೇಕಾಗಿಯೂ ಇರಲಿಲ್ಲ, ಕಾಯುತ್ತಲೂ ಕೇಳಿಸಿಕೊಳ್ಳುತ್ತಲೂ ಇರುವುದಕ್ಕೆ ಬೋರ್ಡಿಗೆ ದಾರಿಯಿದೆ, ಹೇಳಿಕೊಡುತ್ತೇನೆ ಅಂದ.

"ಎರಡು ವರ್ಷ ಬಿಟ್ಟು ಬಂದಾ?"

ಅವನು ಫೋನು ತೆಗೆದು ಕಂಪನಿಗೆ ಏನೋ ಬರೆದು, ಅದನ್ನು ಅವಳ ಕಡೆ ತಿರುಗಿಸಿ ತೋರಿಸಿದ. 'ನಾನು ಬರಲ್ಲ ಸಾರ್, ಬೇರೆಯವರನ್ನ ಕಳಿಸಿ.' ಅವಳ ಕಣ್ಣೆದುರೇ ಕಳಿಸಿದ.

ಬಿದ್ದ ಟಾರ್ಚನ್ನು ಎತ್ತಿಕೊಂಡು ತನ್ನ ಮುಖಕ್ಕೇ ಬೆಳಕು ಹಿಡಿದುಕೊಂಡ. ಆ ಕತ್ತಲ ಪೆಟ್ಟಿಗೆಯೊಳಗೆ ಅವಳಿಗೆ ಅವನ ತುಟಿಗಳಷ್ಟೇ ಕಾಣುತ್ತಿದ್ದವು.

"ನನಗೆ ಜೀವನಪೂರ್ತಿ ನಿಮ್ಮ ಕಡೆ ಮುಖ ಮಾಡಿ ಮಾತಾಡಬೇಕು ಅನ್ಸುತ್ತೆ. ಆಗಬಹುದಾ?"

ಒಂದಕ್ಷರವೂ ತಪ್ಪದೆ ಅವಳಿಗೆ ಮುಟ್ಟಿತು.

"ಕಾಣಿಸ್ಲಿಲ್ಲ," ಅಂದಳು. "ಇನ್ನೊಂದ್ಸಲ ಹೇಳಿ."

ಅವನು ಅವಳ ತುಟಿಯಂಚಿನ ನಗುವನ್ನು ನೋಡಿದ.

"ಒಂದು ಸಲ ಸಾಕು ಅಂತ ತಾನೇ ನಾನು ಹೇಳ್ಕೊಟ್ಟಿದ್ದು?"

"ಅದು ಲಿಫ್ಟಿಗೆ."

ಅವನು ಟಾರ್ಚನ್ನು ಇನ್ನೂ ಹತ್ತಿರ ಹಿಡಿದು, ನಿಧಾನವಾಗಿ, ಇನ್ನೊಂದು ಸಲ ಹೇಳಿದ.

ಅವಳು ತಲೆಯಾಡಿಸಿದಳು. ಈ ಸಲ ನಿಜವಾಗಿಯೂ ಅರ್ಥವಾಗಿತ್ತು.